ಶರತ್ಕಾಲದ ಬೆಟ್ಟಕ್ಕೆ ಮಧ್ಯಾಹ್ನವೇ ಗಡಿ

ಪಶ್ಚಿಮಘಟ್ಟದ ಬೆಟ್ಟವೊಂದನ್ನು ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯಲು ಯಾವ ಕಾಲ ಒಳ್ಳೆಯದು ಎಂದು ಕೇಳಿದರೆ ಮಲೆನಾಡಿನವರು ಬಹಳ ಯೋಚಿಸುವುದಿಲ್ಲ. ನವರಾತ್ರಿ ಕಳೆಯಲಿ, ಮಳೆ ಹಿಡಿತ ಬಿಡಲಿ, ಆಮೇಲೆ ಬನ್ನಿ ಎನ್ನುತ್ತಾರೆ. ಪಂಚಾಂಗದ ಲೆಕ್ಕದಲ್ಲಿ ಅದು ಆಶ್ವಯುಜ, ಕಾರ್ತಿಕ ಮಾಸಗಳ ಶರದೃತು. ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ. ಈ ಉತ್ತರ ಸರಿಯೇ, ಆದರೆ ಅರ್ಧ. ಉಳಿದರ್ಧ ತಿಂಗಳಿಗೆ ಸಂಬಂಧಿಸಿದ್ದಲ್ಲ, ಗಂಟೆಗೆ ಸಂಬಂಧಿಸಿದ್ದು. ಈ ಋತುವಿನಲ್ಲಿ ಬೆಟ್ಟ ಬೆಳಗಿನ ಹೊತ್ತು ತೋರುವ ಸೌಮ್ಯತೆಯನ್ನು ಮಧ್ಯಾಹ್ನದ ಮೇಲೆ ಉಳಿಸಿಕೊಳ್ಳುವುದಿಲ್ಲ. ಹಾಗಾಗಿ ಶರತ್ಕಾಲದ ಚಾರಣವನ್ನು ಯೋಜಿಸುವಾಗ ಮೊದಲು ಗೊತ್ತುಮಾಡಬೇಕಾದದ್ದು ಎಲ್ಲಿಯವರೆಗೆ ಹತ್ತಬೇಕು ಎಂಬುದಲ್ಲ, ಎಷ್ಟು ಹೊತ್ತಿಗೆ ಇಳಿಯಲು ತಿರುಗಬೇಕು ಎಂಬುದು.

ಮೊದಲು ಈ ಋತುವಿನ ಪರವಾಗಿ ಹೇಳಬೇಕಾದದ್ದನ್ನು ಹೇಳೋಣ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಿನ ಮಳೆ 2,000 ಮಿಲಿಮೀಟರ್ ದಾಟುವುದು ಅಪರೂಪವಲ್ಲ. ಆ ಹೊತ್ತಿನಲ್ಲಿ ಘಟ್ಟದ ನೆತ್ತಿ ದಿನಗಟ್ಟಲೆ ಮೋಡದೊಳಗೇ ಇರುತ್ತದೆ. ಹತ್ತು ಮಾರು ಆಚೆಗಿನ ಹಾದಿ ಕಾಣುವುದಿಲ್ಲ, ಮೊಣಕಾಲುದ್ದದ ಹಳ್ಳ ಗಂಟೆಯೊಳಗೆ ಎದೆಮಟ್ಟ ಬರುತ್ತದೆ. ನೈಋತ್ಯ ಮುಂಗಾರು ಅಕ್ಟೋಬರ್ ನಡುವಿನ ಹೊತ್ತಿಗೆ ದೇಶದಿಂದ ಹಿಂದೆ ಸರಿಯುವುದು ವಾಡಿಕೆ. ಆಗ ಹಳ್ಳಗಳಲ್ಲಿ ನೀರು ಇನ್ನೂ ತುಂಬಿರುತ್ತದೆ, ಆದರೆ ದಾಟಲು ಬಿಡುತ್ತದೆ. ಇಂಬಳಗಳ ಕಾಟ ನೆಲ ಒಣಗಿದಂತೆ ಇಳಿಯುತ್ತದೆ. ನಾಲ್ಕು ತಿಂಗಳ ಮಳೆ ಗಾಳಿಯಲ್ಲಿದ್ದ ಧೂಳನ್ನು ತೊಳೆದಿರುವುದರಿಂದ ಕುದುರೆಮುಖದ 1,894 ಮೀಟರ್ ಎತ್ತರದ ನೆತ್ತಿಯಿಂದ ತಿಳಿಯಾದ ಬೆಳಗ್ಗೆ ಪಡುವಣ ಕಡಲಿನ ಅಂಚು ಕಾಣಸಿಗುತ್ತದೆ. ಕಣಿವೆಯಲ್ಲಿ ಮಂಜು ಮಡುಗಟ್ಟಿ ಬೆಟ್ಟದ ತುದಿಗಳಷ್ಟೇ ಮೇಲೆ ತೇಲುವ ನೋಟವೂ ಈ ಕಾಲದ್ದೇ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣಿಯುತ್ತದೆ, ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆ ಸೇರುತ್ತದೆ, ಅಲ್ಲಿನ ತೇವ ಮಂಜಾಗುತ್ತದೆ. ಮೇಲೆ ನಿಂತವನಿಗೆ ಬಿಸಿಲು, ಕೆಳಗಿನ ಊರಿಗೆ ಕತ್ತಲು. ಬಿಸಿಲೇರಿದಂತೆ ಈ ಮಂಜು ಕರಗಿಹೋಗುತ್ತದೆ. ತಡವಾಗಿ ಹೊರಟವರಿಗೆ ಸಿಗುವುದಿಲ್ಲ.

ಡಿಸೆಂಬರ್, ಜನವರಿ ಇನ್ನೂ ಒಣಗಿರುತ್ತದಲ್ಲ, ಗುಡುಗಿನ ಭಯವೂ ಇರದಲ್ಲ, ಆಗಲೇ ಹೋದರಾಗದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಮೊದಲ ಬಾರಿ ಬೆಟ್ಟ ಹತ್ತುವವರಿಗೆ ಚಳಿಗಾಲ ಸುಲಭ ಎಂಬುದನ್ನು ಒಪ್ಪಬೇಕು. ಆದರೆ ಒಣ ಹವೆಗೆ ಅದರದ್ದೇ ಬೆಲೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ಅದರ ಮರಿಹಂತ ಕಾಡಿನ ತರಗೆಲೆಯಲ್ಲಿ ಹೆಚ್ಚುವುದು ಮಳೆ ಪೂರ್ತಿ ನಿಂತ ಮೇಲೆ. ರೋಗದ ಪ್ರಕರಣಗಳೂ ಹೆಚ್ಚಾಗಿ ಡಿಸೆಂಬರಿನಿಂದ ಮೇ ನಡುವೆ ಬರುತ್ತವೆ. ಜನವರಿ ಕಳೆದರೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ, ಅದರ ಹಿಂದೆಯೇ ಅರಣ್ಯ ಇಲಾಖೆ ಹಾದಿಗಳನ್ನು ಮುಚ್ಚುವ ಕಾಲ. ಇಂಬಳ ಹಿಂದಾಗಿ ಉಣುಗು ಇನ್ನೂ ಮುಂದಾಗದ ಕೆಲವೇ ವಾರಗಳು ಶರತ್ಕಾಲದವು. ಶೋಲಾ ಕಾಡಿನ ಮಡಿಲಿನಿಂದ ಇಳಿಯುವ ತೊರೆ, ಗುಡ್ಡದ ಮೈಮೇಲಿನ ಹಸಿರು ಹುಲ್ಲು, ಬಂಡೆಯ ತೇವದಲ್ಲಿ ಅರಳುವ ಕರ್ಣಕುಂಡಲದ ಜಾತಿಯ ಸಣ್ಣ ಹೂಗಳು ಇವೆಲ್ಲ ಒಟ್ಟಿಗೆ ಇರುವುದೂ ಆಗಲೇ. ಹನ್ನೆರಡು ವರ್ಷಕ್ಕೊಮ್ಮೆ ಬರುವ ನೀಲಕುರಿಂಜಿ ಚಂದ್ರದ್ರೋಣ ಸಾಲಿನಲ್ಲಿ 2022ರಲ್ಲಿ ಅರಳಿದ್ದೂ ಮಳೆ ಇಳಿಮುಖವಾದ ಹೊತ್ತಿನಲ್ಲೇ.

ಬೆಟ್ಟದ ಹಬ್ಬಗಳೂ ಇದೇ ಹೊತ್ತಿಗೆ ಬೀಳುತ್ತವೆ ಎಂಬುದನ್ನು ಬರೀ ಕಾಕತಾಳೀಯ ಎನ್ನಲಾರೆ. ಬ್ರಹ್ಮಗಿರಿಯ ಮೈಯಲ್ಲಿರುವ ತಲಕಾವೇರಿಯಲ್ಲಿ ತೀರ್ಥೋದ್ಭವ ತುಲಾ ಸಂಕ್ರಮಣದಂದು, ಅಂದರೆ ಅಕ್ಟೋಬರ್ 17ರ ಸುಮಾರಿಗೆ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಬಳಿಯ ದೇವಿರಮ್ಮನ ಬೆಟ್ಟಕ್ಕೆ ಭಕ್ತರು ಬರಿಗಾಲಲ್ಲಿ ಹತ್ತುವುದು ವರ್ಷಕ್ಕೊಮ್ಮೆ, ದೀಪಾವಳಿಯ ನರಕ ಚತುರ್ದಶಿಗೆ. ಎಷ್ಟೋ ಮಂದಿ ನಡುರಾತ್ರಿಯಲ್ಲೇ ಹೊರಟು ಮುಂಜಾವಕ್ಕೆ ಮೇಲಿರುತ್ತಾರೆ. ಹಬ್ಬದ ತಿಥಿಯನ್ನು ಚಾರಣಕ್ಕೆ ನೋಡಿ ಇಟ್ಟರು ಎಂದು ವಾದಿಸುತ್ತಿಲ್ಲ. ಮಳೆಗಾಲದ ನಡುವೆ ಸಾವಿರಾರು ಜನ ಹೆಂಗಸರು ಮಕ್ಕಳೊಂದಿಗೆ ಹತ್ತುವ ಆಚರಣೆಯೊಂದು ಈ ಘಟ್ಟದಲ್ಲಿ ತಲೆಮಾರುಗಳ ಕಾಲ ಬಾಳುವುದು ಕಷ್ಟ, ಅಷ್ಟೆ.

ಇನ್ನು ಮಧ್ಯಾಹ್ನದ ಮಾತು. ಮುಂಗಾರಿನ ನಡುವೆ ಘಟ್ಟದಲ್ಲಿ ಮಳೆ ಜಾಸ್ತಿ, ಗುಡುಗು ಕಡಿಮೆ. ಅದು ಕಡಲ ಕಡೆಯಿಂದ ಎಡೆಬಿಡದೆ ಬರುವ ಗಾಳಿಯ ಮಳೆ. ಶರತ್ಕಾಲದ ಮಳೆ ಹುಟ್ಟುವ ಬಗೆಯೇ ಬೇರೆ. ನೆಲ ಇನ್ನೂ ಹಸಿ, ಆಕಾಶ ಮಾತ್ರ ತೆರವಾಗಿರುತ್ತದೆ; ಒದ್ದೆ ಕಂಬಳಿಯನ್ನು ಬಿಸಿಲಿಗೆ ಹರವಿದ ಹಾಗೆ ಇಡೀ ಕಣಿವೆ ಬೆಳಗಿನಿಂದ ಆವಿ ಬಿಡತೊಡಗುತ್ತದೆ. ಬಿಸಿಯಾದ ತೇವದ ಗಾಳಿ ಬೆಟ್ಟದ ಇಳಿಜಾರನ್ನೇ ಹಿಡಿದು ಮೇಲೇರುತ್ತದೆ, ನೆತ್ತಿಯ ಬಳಿ ತಣಿದು ಮೋಡವಾಗುತ್ತದೆ, ಮಧ್ಯಾಹ್ನ ಕಳೆಯುವುದರೊಳಗೆ ಆ ಮೋಡ ಗುಡುಗಿನ ಎತ್ತರಕ್ಕೆ ಬೆಳೆಯಬಲ್ಲದು. ರೈತರು ಹಸ್ತ, ಚಿತ್ತಾ, ಸ್ವಾತಿ ಎಂದು ಎಣಿಸುವ ಈ ಮಳೆನಕ್ಷತ್ರಗಳ ಮಳೆ ಬೆಳಗ್ಗೆ ಹತ್ತಕ್ಕೆ ಬರುವುದು ಕಡಿಮೆ. ಮೂರು ಗಂಟೆಯ ಮೇಲೆ ಗಾಳಿ, ಗುಡುಗು, ಸಿಡಿಲಿನೊಂದಿಗೆ ಬರುವುದೇ ಹೆಚ್ಚು. ಪಟ್ಟಣದಲ್ಲಿ ಇದು ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಲ್ಲುವ ತೊಂದರೆ. ಮರವಿಲ್ಲದ ಹುಲ್ಲುಬೆಟ್ಟದ ಏಣಿನ ಮೇಲೆ ನಿಂತ ಮನುಷ್ಯನೇ ಸುತ್ತಲಿನ ಎತ್ತರದ ವಸ್ತು ಎಂಬುದನ್ನು ನೆನೆದರೆ ತೊಂದರೆಯ ಸ್ವರೂಪ ಬದಲಾಗುತ್ತದೆ. ಒಂಟಿ ಮರದಡಿ ನಿಲ್ಲುವುದಂತೂ ಇನ್ನೂ ಕೆಡುಕು.

ಮಿಂಚು ಕಂಡು ಗುಡುಗು ಕೇಳುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಏಣನ್ನು ಬಿಟ್ಟು ಕೆಳಗಿಳಿಯಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮೇಲೆ ಹೋಗಬಾರದು ಎಂಬ ನಿಯಮವನ್ನು ಹವಾಮಾನ ತಜ್ಞರು ಹೇಳುತ್ತಾರೆ. ಸಿಡಿಲಿನ ಮುನ್ಸೂಚನೆಗೆ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಇದೆ. ಊರು ಬಿಡುವ ಮೊದಲು ನೋಡಿಕೊಳ್ಳಲು ಒಳ್ಳೆಯದು. ನೆಟ್‌ವರ್ಕ್ ಇಲ್ಲದ ಬೆಟ್ಟದಲ್ಲಿ ಅದು ಜೇಬಿನ ಭಾರ. ಅಲ್ಲಿ ಉಳಿಯುವುದು ಕಣ್ಣು, ಕಿವಿ, ಕೈಗಡಿಯಾರ.

ಬೆಳಕೂ ಗಡಿಯಾರದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಚಿಕ್ಕಮಗಳೂರಿನ ಅಕ್ಷಾಂಶದಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ಏಳಕ್ಕೆ ಸ್ವಲ್ಪ ಮುಂಚೆ. ನವೆಂಬರ್ ನಡುವಿಗೆ ಆರಕ್ಕೂ ಮೊದಲೇ. ಸುಮಾರು ಒಂದು ಗಂಟೆಯ ಈ ವ್ಯತ್ಯಾಸ ಊರಲ್ಲಿ ಗಮನಕ್ಕೇ ಬಾರದು, ಬೆಟ್ಟ ಇಳಿಯುವವರಿಗೆ ಅದೇ ದೊಡ್ಡದು. ಜೊತೆಗೆ ನಮ್ಮ ಕಡೆ ಮುಸ್ಸಂಜೆ ಗಿಡ್ಡ: ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಬಯಲಲ್ಲೇ ಕತ್ತಲಾಗುತ್ತದೆ. ಪೂರ್ವಕ್ಕೆ ಮುಖಮಾಡಿದ ಇಳಿಜಾರಿಗೆ ನೆರಳು ಅದಕ್ಕಿಂತ ಬಹಳ ಮುಂಚೆ ಬೀಳುತ್ತದೆ, ಶೋಲಾದೊಳಗೆ ಐದಕ್ಕೇ ಬೇರು ಯಾವುದು ಕಲ್ಲು ಯಾವುದು ತಿಳಿಯದು. ಕಾಟಿಗಳು ಹುಲ್ಲಿಗೆ ಇಳಿಯುವ, ಪುಷ್ಪಗಿರಿ ಕಡೆಯಲ್ಲಾದರೆ ಆನೆಗಳು ಹಾದಿ ದಾಟುವ ಹೊತ್ತೂ ಅದೇ. ಟಾರ್ಚ್ ಇದೆಯಲ್ಲ, ಮಾರ್ಗದರ್ಶಿ ಜೊತೆಗಿದ್ದಾನಲ್ಲ ಎಂಬ ಸಮಾಧಾನ ಇಲ್ಲಿ ಬಹಳ ದೂರ ಬರುವುದಿಲ್ಲ. ಟಾರ್ಚು ಕಾಲ ಮುಂದಿನ ಹೆಜ್ಜೆ ತೋರಿಸೀತು, ಸಿಡಿಲನ್ನು ತಡೆಯದು, ದಣಿದ ಮೊಣಕಾಲಿಗೆ ಬಲ ಕೊಡದು. ಮಾರ್ಗದರ್ಶಿಗೆ ದಾರಿ ಗೊತ್ತಿರುತ್ತದೆ. ಆದರೆ ತಂಡದ ವೇಗ ಎಂದರೆ ಅದರಲ್ಲಿ ತೀರ ನಿಧಾನ ನಡೆಯುವವರ ವೇಗ, ಅದನ್ನು ಅವನು ಹೆಚ್ಚಿಸಲಾರ.

ಮೊಣಕಾಲಿನ ಮಾತು ಬಂದದ್ದರಿಂದ ಇಳಿಯುವುದರ ಬಗ್ಗೆ ಒಂದಿಷ್ಟು. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಸ್ನಾಯು. ಇಳಿಯುವ ಪ್ರತಿ ಹೆಜ್ಜೆಯಲ್ಲೂ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಈ ಬಗೆಯ ಕೆಲಸ ಸ್ನಾಯುವಿನ ಎಳೆಗಳನ್ನು ಹೆಚ್ಚು ನೋಯಿಸುತ್ತದೆ, ಹಿಡಿತವನ್ನು ಬೇಗ ಕುಂದಿಸುತ್ತದೆ. ಆಸ್ಟ್ರಿಯಾದ ಆಲ್ಪ್ಸ್‌ನ ಅಪಘಾತ ದಾಖಲೆಗಳನ್ನು ನೋಡಿದವರು, ನಡಿಗೆಯಲ್ಲಿ ಬೀಳುವವರ ದೊಡ್ಡ ಪಾಲು ಇಳಿಯುವಾಗಲೇ ಬೀಳುತ್ತದೆ ಎಂದು ಕಂಡಿದ್ದಾರೆ. ನಮ್ಮ ಘಟ್ಟದ ಜಾರುವ ಮಣ್ಣಿಗೆ, ಸೊಂಟದುದ್ದದ ಹುಲ್ಲು ಮುಚ್ಚಿದ ಕಾಲುದಾರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಆದ್ದರಿಂದ ಇಳಿಯುವ ಹೊತ್ತನ್ನು ‘ಉಳಿದ ಹೊತ್ತು’ ಎಂದು ಎಣಿಸುವುದು ತಪ್ಪು ಲೆಕ್ಕ.

ಸರಿಯಾದ ಲೆಕ್ಕಕ್ಕೆ ಹಳೆಯ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಪಳಗಿದವರ ನಡಿಗೆ, ವಿಶ್ರಾಂತಿ ಇದರಲ್ಲಿಲ್ಲ. ಬುಡದ ಊರಾದ ಮುಳ್ಳೋಡಿಯಿಂದ ಕುದುರೆಮುಖದ ತುದಿಗೆ ಸುಮಾರು ಒಂಬತ್ತು ಕಿಲೋಮೀಟರ್, ಏರಿಕೆ 900 ಮೀಟರಿನಷ್ಟು ಎಂದಿಟ್ಟುಕೊಂಡರೆ ಬರೀ ಹತ್ತುವುದಕ್ಕೇ ಮೂರು ಗಂಟೆ ಇಪ್ಪತ್ತು ನಿಮಿಷ. ಊಟ, ನೀರು, ಫೋಟೊ ಸೇರಿಸಿ ಸಾಮಾನ್ಯ ತಂಡಕ್ಕೆ ನಾಲ್ಕೂವರೆ ಗಂಟೆ ಎನ್ನೋಣ. ಆರೂವರೆಗೆ ಹೊರಟವರು ಹನ್ನೊಂದಕ್ಕೆ ತುದಿಯಲ್ಲಿ, ಎರಡೂವರೆ ಸುಮಾರಿಗೆ ಊರಲ್ಲಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಕಣ್ಣುಮುಚ್ಚದೆ ಬಂದು, ತಿಂಡಿ ಮುಗಿಸಿ, ಜೀಪು ಹಿಡಿದು ಒಂಬತ್ತೂವರೆಗೆ ಹೊರಡುವವರು ತುದಿ ಮುಟ್ಟುವುದು ಎರಡಕ್ಕೆ. ಅಂದರೆ ಗುಡುಗಿನ ಗಂಟೆಯಲ್ಲಿ ಬೋಳು ಏಣಿನ ಮೇಲೆ ಇರುತ್ತಾರೆ. ಬೆಟ್ಟ ಅದೇ, ದೂರ ಅದೇ. ಕುಕ್ಕೆಯಿಂದ ಕುಮಾರಪರ್ವತಕ್ಕಂತೂ ಏರಿಕೆಯೇ ಸುಮಾರು 1,600 ಮೀಟರ್. ಅದಕ್ಕೇ ಎರಡೂ ಮುಕ್ಕಾಲು ಗಂಟೆ ಹತ್ತಿರ, ದೂರದ ಲೆಕ್ಕ ಇನ್ನೂ ಸೇರಿಲ್ಲ. ನಡಿಗೆ ರೂಢಿಯಿಲ್ಲದವರು ದಾರಿ ನಡುವೆ ಸಿಗುವ ಭಟ್ಟರ ಮನೆಯನ್ನೋ ಕಲ್ಲುಮಂಟಪವನ್ನೋ ದಿನದ ಗುರಿ ಎಂದು ಹೊರಡುವುದೇ ವಿವೇಕ.

ಎಲ್ಲಿದ್ದರೂ ಮಧ್ಯಾಹ್ನ ಹನ್ನೆರಡಕ್ಕೆ ಇಳಿಯಲು ತಿರುಗಬೇಕು ಎಂಬ ಈ ಲೆಕ್ಕಕ್ಕೆ ಬರುವ ಗಟ್ಟಿ ಆಕ್ಷೇಪ ದುಡ್ಡಿನದು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಸಾಲುಗಟ್ಟಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಮಂದಿ ಎಂದು ಮಿತಿ ಹಾಕಿತು. ಕಷ್ಟಪಟ್ಟು ಪಡೆದ ಪರವಾನಗಿ, ಹೋಂಸ್ಟೇ ಬಾಡಿಗೆ, ಎರಡು ದಿನದ ರಜೆ. ಇಷ್ಟಾದ ಮೇಲೆ ತುದಿ ಕಣ್ಣೆದುರಿರುವಾಗ ಹನ್ನೆರಡಾಯಿತೆಂದು ತಿರುಗುವುದೇ? ಈ ಸಂಕಟ ನಿಜ. ಆದರೆ ಖರ್ಚಾದ ಹಣ ತುದಿ ಮುಟ್ಟಿದರೂ ಮರಳುವುದಿಲ್ಲ, ಕುದುರೆಮುಖದಂಥ ಕಡೆ ರಾತ್ರಿ ಮೇಲೆ ತಂಗಲು ಇಲಾಖೆ ಬಿಡುವುದೂ ಇಲ್ಲ. ಬುಕಿಂಗಿನ ಮಿತಿ ವಾಸ್ತವವಾಗಿ ಬೇಗ ಹೊರಡುವವರ ಪರವಾಗಿದೆ: ಸೀಟು ಖಚಿತವಾಗಿರುವಾಗ ಹಿಂದಿನ ರಾತ್ರಿಯನ್ನು ಬಸ್ಸಿಗೆ ಬದಲು ಬುಡದ ಊರಿನಲ್ಲೇ ಮಲಗಿ ಕಳೆಯಬಹುದು. ಹೆಚ್ಚುವರಿ ಖರ್ಚು ಒಂದು ರಾತ್ರಿಯ ಬಾಡಿಗೆ. ಅದೂ ಆಗದು ಎನ್ನುವವರು ಬೆಟ್ಟವನ್ನೇ ಬದಲಿಸಿಕೊಳ್ಳಲಿ. ಕೊಡಗಿನ ಕಕ್ಕಬ್ಬೆಯ ಬಳಿ ನಾಲ್ಕುನಾಡು ಅರಮನೆಯ ಹತ್ತಿರದಿಂದ ಹೊರಡುವ ತಡಿಯಂಡಮೋಳ್ 1,748 ಮೀಟರ್ ಎತ್ತರವಿದ್ದರೂ ಅರ್ಧ ದಿನದ ಕೆಲಸ. ಎಂಟಕ್ಕೆ ಹೆಜ್ಜೆ ಇಟ್ಟರೂ ಚಿತ್ತಾ ಮಳೆಯ ಮೋಡ ಏಳುವ ಮೊದಲು ಅರಮನೆಯ ಅಂಗಳ ಸೇರಬಹುದು.