ಕರಾವಳಿಯಲ್ಲಿ ಮನೆ ನೋಡುವ ಕ್ರಮ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು, ಇತರರು ಕಟ್ಟಿದ ಮನೆಯನ್ನು ಕೊಳ್ಳುವವರ ಪಾಡನ್ನು ಕುರಿತು ಏನನ್ನೂ ಹೇಳದೆ ಹೋದರು. ಈಗಲಾದರೋ ಮಂಗಳೂರಿನ ಸುತ್ತಣ ಬಡಾವಣೆಗಳಲ್ಲಿ ಮನೆಗಳ ಮಾರಾಟ ದಿನನಿತ್ಯದ ಮಾತಾಗಿದೆ. ಒಂದು ಸೀರೆ ಕೊಳ್ಳುವಾಗ ನಾಲ್ಕು ಸಲ ಮಡಿಕೆ ಬಿಚ್ಚಿ ನೋಡುವ ನಾವು, ಜೀವಮಾನದ ಗಳಿಕೆಯನ್ನು ಸುರಿಯುವ ಮನೆಯನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುತ್ತೇವೆ. ನಮ್ಮ ಮನೆಯಲ್ಲಿ ನಡೆದದ್ದೂ ಇದೇ ಆದುದರಿಂದ, ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ತಂದೆಯವರು ಮಾಸ್ತರಿಕೆಯಿಂದ ನಿವೃತ್ತರಾದಾಗ ಬಂದ ಹಣದಲ್ಲಿ ನಗರದ ಹೊರವಲಯದ ಒಂದು ಮನೆಯನ್ನು ಕೊಂಡರು. ನೋಡಿದ್ದು ಫೆಬ್ರವರಿಯಲ್ಲಿ. ಗೋಡೆಗಳು ಹಾಲಿನಂತೆ ಬೆಳ್ಳಗಿದ್ದುವು, ಬಾವಿಯಲ್ಲಿ ನೀರಿತ್ತು, ಕಿಟಕಿಯಿಂದ ಗಾಳಿ ಬೀಸುತ್ತಿತ್ತು. ಇನ್ನೇನು ಬೇಕು? ಜೂನ್ ಕಳೆಯುವುದರೊಳಗೆ ಪಡುವಣ ಗೋಡೆಯ ಬಣ್ಣ ಮೊಣಕಾಲೆತ್ತರಕ್ಕೆ ಎದ್ದುಬಂತು. ಕಪಾಟಿನಲ್ಲಿದ್ದ ನನ್ನ ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಅಜ್ಜಿಯ ಹಾಸಿಗೆಯನ್ನು ಕೋಣೆಯಿಂದ ಕೋಣೆಗೆ ಸಾಗಿಸಬೇಕಾಯಿತು. ರಿಪೇರಿಗೆಂದು ಬಂದ ವೃದ್ಧ ಮೇಸ್ತ್ರಿಯೊಬ್ಬರು ಮನೆಯನ್ನು ಒಂದು ಸುತ್ತು ಬಂದು, "ಅಲ್ಲ ಮಾಷ್ಟ್ರೇ, ಸುಣ್ಣ ಬಳಿದ ಗೋಡೆ ನೋಡಿ ಯಾರಾದರೂ ಮನೆ ತೆಗೆದುಕೊಳ್ತಾರಾ? ಬಳಿಯದೆ ಬಿಟ್ಟ ಜಾಗ ನೋಡಬೇಕಿತ್ತು" ಎಂದರು. ಮುಂದೆ ಬರೆಯುವುದರಲ್ಲಿ ಬಹುಪಾಲು ಅವರ ಹಿಂದೆ ತಿರುಗಿ ಕಲಿತದ್ದು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಇದು ಬೆಂಗಳೂರಿನ ಮಳೆಯ ಮೂರು ಪಟ್ಟಿಗೂ ಹೆಚ್ಚು. ಇದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುವುದರಿಂದ, ಒಮ್ಮೆ ಒದ್ದೆಯಾದದ್ದಕ್ಕೆ ಒಣಗಲು ಬಿಡುವೇ ಸಿಗದು. ಆದಕಾರಣ ಇಲ್ಲಿ ಮನೆ ನೋಡುವವನು ನೀರಿನ ಜಾಡನ್ನು ಹಿಡಿದು ಮಾಡಿನಿಂದ ಪಂಚಾಂಗದವರೆಗೆ ಇಳಿಯಬೇಕು.

ಮೊದಲು ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಈ ಊರಿನ ಹೆಸರು ಹಂಚಿಗೇ ಅಂಟಿಕೊಂಡಿದೆ. ಹಗಲು ಹೊತ್ತಿನಲ್ಲಿ ಅಟ್ಟಕ್ಕೆ ಹತ್ತಿ, ದೀಪವಾರಿಸಿ ಕತ್ತಲೆಯಲ್ಲಿ ಸ್ವಲ್ಪ ಹೊತ್ತು ನಿಂತರೆ, ಒಡೆದ ಹಂಚುಗಳೆಲ್ಲ ನಕ್ಷತ್ರಗಳಂತೆ ತಾವೇ ಕಾಣಿಸಿಕೊಳ್ಳುತ್ತವೆ. ಅನಂತರ ಟಾರ್ಚು ಹಾಕಿ ಪಕ್ಕಾಸು, ರೀಪುಗಳನ್ನು ನೋಡಬೇಕು. ಕಪ್ಪು ಕಲೆಯಿದ್ದಲ್ಲಿ ನೀರು ಇಳಿದಿದೆ; ಮಣ್ಣಿನ ಸಣ್ಣ ಗೆರೆಯೊಂದು ಗೋಡೆಯಿಂದ ಮರಕ್ಕೆ ಏರಿದ್ದರೆ ಗೆದ್ದಲು ಹತ್ತಿದೆ. ಹೊರಗೆ ಗಟ್ಟಿಯಾಗಿ ಕಾಣುವ ಪಕ್ಕಾಸಿನೊಳಕ್ಕೆ ಮೇಸ್ತ್ರಿಯವರು ಸ್ಕ್ರೂಡ್ರೈವರನ್ನು ಬೆಣ್ಣೆಯಲ್ಲಿ ಚುಚ್ಚಿದಂತೆ ಚುಚ್ಚಿದಾಗ ತಂದೆಯವರ ಮುಖ ನೋಡುವಂತಿರಲಿಲ್ಲ.

ಗಾಳಿಯದು ಬೇರೊಂದು ಕಥೆ. ಬಿರುಗಾಳಿ ಮಾಡನ್ನು ಅದುಮಿ ಕೆಡವುತ್ತದೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಎತ್ತಿ ಒಯ್ಯುತ್ತದೆ. ಮಾಡಿನ ಮೇಲೆ ಗಾಳಿ ರಭಸದಿಂದ ಹಾದಾಗ ಅಲ್ಲಿಯ ಒತ್ತಡ ಕುಗ್ಗಿ, ಒಳಗಿನ ಗಾಳಿ ಹಂಚನ್ನು ಕೆಳಗಿನಿಂದ ತಳ್ಳುತ್ತದೆ. ಹಂಚಿಗೆ ತನ್ನ ಭಾರವೊಂದೇ ಆಧಾರ. ಆದ್ದರಿಂದ ಸೂರಿನಂಚಿನ ಸಾಲುಗಳನ್ನು ತಂತಿಯಿಂದ ರೀಪಿಗೆ ಬಿಗಿದಿದ್ದಾರೆಯೇ ಎಂದು ನೋಡತಕ್ಕದ್ದು. ತಾರಸಿಯ ಮೇಲೆ ತಗಡಿನ ಚಪ್ಪರ ಹಾಕುವುದು ಈಗ ಎಲ್ಲೆಲ್ಲೂ ಇದೆ. ಅದರ ಕಂಬಗಳ ಬುಡ ಕಾಂಕ್ರೀಟಿಗೆ ಭದ್ರವಾಗಿದೆಯೇ, ಬೋಲ್ಟುಗಳು ತುಕ್ಕು ಹಿಡಿದಿವೆಯೇ ಎಂಬುದನ್ನು ಅಲುಗಾಡಿಸಿಯೇ ತಿಳಿಯಬೇಕು. ಕಟ್ಟಡಗಳ ಲೆಕ್ಕಕ್ಕೆ ಭಾರತೀಯ ಮಾನಕ 875 ಮಂಗಳೂರಿಗೆ ಗೊತ್ತುಪಡಿಸಿದ ಗಾಳಿಯ ಮೂಲವೇಗ ಸೆಕೆಂಡಿಗೆ 39 ಮೀಟರು. ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರು! 2021ರ ಮೇ ತಿಂಗಳಲ್ಲಿ 'ತೌಕ್ತೆ' ಚಂಡಮಾರುತವು ನಮ್ಮ ತೀರವನ್ನು ತಾಕದೆ ದೂರದ ಸಮುದ್ರದಲ್ಲೇ ಸಾಗಿದರೂ ಉಳ್ಳಾಲದ ಕಡೆ ಮನೆಗಳು ಹಾನಿಗೊಂಡುದನ್ನು ನೆನೆದರೆ, ಈ ಅಂಕಿ ಬರಿಯ ಕಾಗದದ ಮಾತಲ್ಲವೆಂದು ಮನವರಿಕೆಯಾಗುತ್ತದೆ.

ತಾರಸಿಯ ಮನೆಯಲ್ಲಿ ಶತ್ರು ತುಕ್ಕು. ಕಡಲಗಾಳಿಯ ಉಪ್ಪು ತೇವದೊಡನೆ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳನ್ನು ತಿನ್ನುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ಚಜ್ಜಾದ ಅಡಿಭಾಗದಲ್ಲಿ ಸರಳಿನ ಗುಂಟ ಬಿರುಕು, ಕಂದು ಕಲೆ ಇವೆಯೇ ನೋಡಿ. ನಾಣ್ಯದಿಂದ ಗಾರೆಯನ್ನು ತಟ್ಟಿ. ಟೊಳ್ಳು ಸದ್ದು ಬಂದಲ್ಲಿ ಗಾರೆ ಬಿಟ್ಟುಕೊಂಡಿದೆ.

ನಮ್ಮ ಗೋಡೆಗಳು ಮುರಕಲ್ಲಿನವು. ರಂಧ್ರಮಯವಾದ ಈ ಕಲ್ಲು ನೆಲದ ತೇವವನ್ನು ದೀಪದ ಬತ್ತಿಯಂತೆ ಮೇಲಕ್ಕೆ ಹೀರುತ್ತದೆ. ಹಿಂದಿನವರು ಸುಣ್ಣ ಬಳಿಯುತ್ತಿದ್ದುದರಿಂದ ಹೀರಿದ ತೇವ ಬೇಸಗೆಯಲ್ಲಿ ಹೊರಬೀಳುತ್ತಿತ್ತು. ಈಗಿನ ಪ್ಲಾಸ್ಟಿಕ್ ಬಣ್ಣ ಅದನ್ನು ಒಳಗೇ ಕೂಡಿಹಾಕುತ್ತದೆ. ಮಾರುವವರು ಬಣ್ಣ ಹೊಡೆಸದ ಸ್ಥಳಗಳು ಕೆಲವಿರುತ್ತವೆ: ಕಪಾಟಿನ ಹಿಂಬದಿ, ಮೆಟ್ಟಿಲ ಕೆಳಗಿನ ಗೂಡು, ವಿದ್ಯುತ್ ಮೀಟರಿನ ಪೆಟ್ಟಿಗೆಯ ಒಳಭಾಗ. ಮುಚ್ಚಿದ್ದ ಮನೆಯ ಬಾಗಿಲು ತೆರೆದ ಕ್ಷಣದಲ್ಲಿ ಬರುವ ವಾಸನೆಯೂ ಬಹಳಷ್ಟನ್ನು ಹೇಳಿಬಿಡುತ್ತದೆ. ನಾವು ಹೋದ ದಿನ ಅಲ್ಲಿ ಅಗರಬತ್ತಿ ಉರಿಯುತ್ತಿತ್ತು. ಅದನ್ನು ದೈವಭಕ್ತಿಯೆಂದೇ ತಿಳಿದೆವು.

ಮನೆಗಿಂತಲೂ ಮುಖ್ಯವಾದದ್ದು ಮನೆಯ ಹಿಂದಿನ ಗುಡ್ಡ. ಹೊಸ ಬಡಾವಣೆಗಳು ಹೆಚ್ಚಾಗಿ ಗುಡ್ಡ ಕಡಿದು ಮಾಡಿದವು. ಮೇಲಿನ ಮುರಕಲ್ಲಿನ ಪದರ ಗಟ್ಟಿ, ನಿಜ. ಆದರೆ ಅದರಡಿಯಲ್ಲಿ ಶೇಡಿಮಣ್ಣಿರುತ್ತದೆ. ಒಣಗಿದ್ದಾಗ ಕಲ್ಲಿನಂತೆ ನಿಲ್ಲುವ ಈ ಮಣ್ಣು ನೀರು ಕುಡಿದೊಡನೆ ಸತ್ತ್ವ ಕಳೆದುಕೊಂಡು ಜಾರುತ್ತದೆ. ಬೇಸಗೆಯಲ್ಲಿ ನೇರವಾಗಿ ನಿಂತ ಬರೆಯನ್ನು ಕಂಡು ನಂಬುವಂತಿಲ್ಲ. ತಡೆಗೋಡೆಯಿದ್ದರೆ ಅದರಲ್ಲಿ ನೀರು ಬಸಿಯಲು ತೂತುಗಳಿರಬೇಕು. ತೂತಿಲ್ಲದ ಗೋಡೆಯ ಹಿಂದೆ ನೀರು ನಿಂತು, ಅದರ ಒತ್ತಡ ಗೋಡೆಯನ್ನು ಮನೆಯ ಮೇಲೆಯೇ ಕೆಡಹಬಹುದು. ಮಾಡು ಸೋರಿದರೆ ಹಂಚು ಬದಲಾಯಿಸಬಹುದು. ಬರೆ ಕುಸಿದರೆ ಬದಲಾಯಿಸಲು ಏನೂ ಉಳಿಯದು. ಈ ಒಂದು ವಿಷಯದಲ್ಲಿ ಸಂದೇಹ ಬಂದರೆ ಅಗ್ಗದ ಬೆಲೆಯ ಆಸೆಯನ್ನು ಬಿಟ್ಟು ಮರಳಿಬರುವುದೇ ಲೇಸು.

ಇಷ್ಟನ್ನೆಲ್ಲ ನೋಡಲು ತಕ್ಕ ಕಾಲ ಜಡಿಮಳೆಯ ಜುಲೈ. ಆಟಿ ತಿಂಗಳಲ್ಲಿ ಮನೆ ಕೊಳ್ಳುವ ಕ್ರಮ ನಮ್ಮಲ್ಲಿಲ್ಲ. ನೋಡುವುದಕ್ಕೆ ಶಾಸ್ತ್ರದ ಅಡ್ಡಿಯೇನೂ ಇದ್ದಂತಿಲ್ಲ. ಕಳೆದ ವರ್ಷ ಚಿಕ್ಕಪ್ಪ ಮನೆ ಹುಡುಕತೊಡಗಿದಾಗ ತಂದೆಯವರು ಆಟಿಯ ಮಳೆಯಲ್ಲೇ ಕೊಡೆ, ಟಾರ್ಚು, ಸ್ಕ್ರೂಡ್ರೈವರು ಹಿಡಿದು ಅವರೊಡನೆ ಹೊರಟರು. ಮೂರು ಮನೆಗಳನ್ನು ನೋಡಿ ಎರಡನ್ನು ಅಂಗಳದಿಂದಲೇ ಬಿಟ್ಟರು. ಮೂರನೆಯದರ ಅಟ್ಟದಲ್ಲಿ ಅರ್ಧ ಗಂಟೆ ಕುಳಿತು, ಮೈಯೆಲ್ಲ ಜೇಡರ ಬಲೆ ಮಾಡಿಕೊಂಡು ಇಳಿದುಬಂದು, "ನಾಲ್ಕು ಹಂಚು ಹೋಗಿದೆ, ಮರ ಗಟ್ಟಿಯಿದೆ. ದೀಪಾವಳಿ ಕಳೆದ ಮೇಲೆ ಮಾತಾಡು" ಎಂದರು.