ರವೆ-ಬೆಲ್ಲದ ಮೇಲೆ ಬದುಕುವ ನೊಣವಂಶ

ಹೊಸಪೇಟೆ, ಕಂಪ್ಲಿ ಕಡೆ ಬಾಳೆಗೊನೆ ಇಳಿಸುವವರು ಕೈಬೀಸಿ ಓಡಿಸುವ ಸಣ್ಣ ನೊಣವನ್ನು ಮಸೂರದ ಕೆಳಗೆ ಹಿಡಿದು ನೋಡಿ. ಮೂರು ಮಿಲಿಮೀಟರ್ ಮೈಗೆ ಢಾಳಾಗಿ ಕಾಣುವ ಕೆಂಪು ಕಣ್ಣು. ಕಳಿತ ಸುಗಂಧಿ ಬಾಳೆಯ ಹುಳಿವಾಸನೆಗೆ ಮುತ್ತುವ ಇದು ಡ್ರೊಸೊಫಿಲಾ. ಮಾವಿಗೆ ಚುಚ್ಚಿ ಹುಳು ಬೀಳಿಸುವ ನೊಣ ಬೇರೆ, ರೈತರ ಶಾಪ ಅದಕ್ಕಿರಲಿ. ಇದು ಹಣ್ಣಿನ ಮೇಲೆ ಹುಟ್ಟಿದ ಯೀಸ್ಟ್ ತಿಂದುಕೊಂಡಿರುವ ಬಡಪಾಯಿ.

ಈ ಬಡಪಾಯಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕಾಯಂ ವಸತಿಯಿದೆ. ಎಂ.ಆರ್. ರಾಜಶೇಖರಶೆಟ್ಟಿ, ಎನ್.ಬಿ. ಕೃಷ್ಣಮೂರ್ತಿ, ಎಚ್.ಎ. ರಂಗನಾಥ್ ಅವರಂಥವರು ಬೆಳೆಸಿದ ಸಂಶೋಧನಾ ಪರಂಪರೆಯ ಜೊತೆಗೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರೊಸೊಫಿಲಾ ಸಂಗ್ರಹ ಕೇಂದ್ರವೂ ಬೆಳೆಯಿತು. ವಿದೇಶಗಳಲ್ಲಿ ಈ ನೊಣಕ್ಕೆ ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟು. ಮೈಸೂರಿನಲ್ಲಿ 1 ಲೀಟರ್ ನೀರಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಗಟ್ಟಿಯಾಗಲು ಅಗರ್ 10 ಗ್ರಾಂ. ಬೂಷ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯೋನಿಕ್ ಆಮ್ಲ. ಆಮ್ಲವೊಂದನ್ನು ಬಿಟ್ಟರೆ ತುಪ್ಪ ಕಾಣದ ಸಜ್ಜಿಗೆ!

ಬಿತ್ತನೆ ಬೀಜವನ್ನು ತಣ್ಣಗಿಟ್ಟು ವರ್ಷಗಟ್ಟಲೆ ಕಾಯಬಹುದು. ನೊಣದ ತಳಿ ಅಷ್ಟು ಸುಲಭಕ್ಕೆ ಸಿಗದು. ಅದನ್ನು ಜೀವಂತವಾಗಿಯೇ ಉಳಿಸಿಕೊಳ್ಳಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ಸುಮಾರು 10 ದಿನಕ್ಕೆ ನೊಣವಾಗುತ್ತದೆ. ಹಬ್ಬವಿರಲಿ, ರಜೆಯಿರಲಿ, ಹಳೇ ಸೀಸೆಯಿಂದ ಹೊಸ ಸೀಸೆಗೆ ಬದಲಾಯಿಸಿ ಚೀಟಿ ಅಂಟಿಸುವ ಕೆಲಸ ತಪ್ಪುವುದಿಲ್ಲ. ಚೀಟಿ ಅದಲುಬದಲಾದರೂ ತಳಿ ಕೆಟ್ಟಂತೆಯೇ. ಪ್ರಬಂಧಗಳಲ್ಲಿ ಹೆಸರು ಬಾರದ ಈ ದುಡಿಮೆಯೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಇಂಥ ತಾಳ್ಮೆಯ ಫಲವೊಂದು ಮೈಸೂರಿನದೇ. ನಸುಟಾ ಎಂಬ ನೊಣಕ್ಕೆ 8 ವರ್ಣತಂತು, ಅದರ ಹತ್ತಿರದ ನೆಂಟ ಆಲ್ಬೊಮಿಕಾನ್ಸ್‌ನ ಒಂದು ಬಗೆಗೆ 6. ಎರಡನ್ನೂ ಕೂಡಿಸಿ, ಮಿಶ್ರ ಸಂತಾನವನ್ನು ತಲೆಮಾರುಗಟ್ಟಲೆ ಸಾಕಿದಾಗ ವರ್ಣತಂತುಗಳ ಹೊಸ ಜೋಡಣೆಯ ತಳಿಗಳು ಪ್ರಯೋಗಾಲಯದಲ್ಲೇ ನೆಲೆಗೊಂಡವು. ವಿಕಾಸವನ್ನು ಸೀಸೆಯಲ್ಲಿ ಕಂಡದ್ದು ಹಾಗೆ.

ಮನುಷ್ಯನ ಕಾಯಿಲೆಗೂ ಡ್ರೊಸೊಫಿಲಾಕ್ಕೂ ಏನು ಸಂಬಂಧ? 2000ದಲ್ಲಿ ಈ ನೊಣದ ಜೀನೋಮ್ ಪ್ರಕಟವಾಯಿತು. ನಮ್ಮಲ್ಲಿ ರೋಗ ತರುವ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲೂ ಸಾಟಿ ಜೀನ್ ಇವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರ ತಂಡ ಹಾರಲಾರದ ನೊಣಗಳ ಬೆನ್ನು ಹತ್ತಿತು. ಜೀವಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬಿಡುವ ದ್ವಾರದ ಜೀನ್ ಅವುಗಳಲ್ಲಿ ಕೆಟ್ಟಿತ್ತು. ಹಾರಲಾಗದಿದ್ದರೆ ರೆಕ್ಕೆಯ ಸ್ನಾಯುವಿನ ಮೇಲೆ ಅನುಮಾನ ಹೋಗುವುದು ಸಹಜ. ಆದರೆ ಸರಿಯಾದ ಜೀನನ್ನು ಕೆಲವು ನರಕೋಶಗಳಿಗೆ ಮಾತ್ರ ಕೊಟ್ಟಾಗ ನೊಣ ಮತ್ತೆ ಹಾರಿತು! ಮನುಷ್ಯರಲ್ಲಿ ಇದೇ ಬಗೆಯ ಜೀನ್ ಕೆಟ್ಟರೆ ನಡಿಗೆ ತೂರಾಡುವ ಅಟಾಕ್ಸಿಯಾ ಬರುತ್ತದೆ.

ಹಾಗಂತ ನೊಣದಲ್ಲಿ ಫಲಿಸಿದ್ದು ನಾಳೆಯೇ ಔಷಧದಂಗಡಿಗೆ ಬರುವುದಿಲ್ಲ. ಅದಕ್ಕೆ ನಮ್ಮಂಥ ಶ್ವಾಸಕೋಶವಿಲ್ಲ, ಪ್ರತಿಕಾಯಗಳಿಲ್ಲ. ಯಾವ ಜೀನಿನ ಬೆನ್ನು ಹತ್ತಬೇಕೆಂದು ಅದು ತೋರಿಸಿಕೊಡುತ್ತದೆ. ಅಲ್ಲಿಂದ ಮುಂದೆ ಇಲಿ, ಆಮೇಲೆ ಮನುಷ್ಯ.