ಹಾರ್ಲಿಕ್ಸ್ ಬಾಟಲಿಯ ಹಾವು ಏಕೆ ಉಣ್ಣುವುದಿಲ್ಲ?

ಮುಂಗಾರು ಹಿಡಿದು ಗದ್ದೆಗಳಿಗೆ ನೀರು ಬಂದ ಮೇಲೆ ನಂಜನಗೂಡು–ತಿ. ನರಸೀಪುರ ಸೀಮೆಯ ತಗಡೂರಿನಂಥ ಊರುಗಳಲ್ಲಿ ಯಾವ ವರ್ಷ ಬೇಕಾದರೂ ನಡೆಯಬಹುದಾದ ಪ್ರಸಂಗವಿದು. ಬದುವಿನ ಮೇಲೋ, ಹುಲ್ಲಿನ ಮೆದೆಯ ಬುಡದಲ್ಲೋ ಶಾಲೆಯ ಹುಡುಗನೊಬ್ಬನ ಕಣ್ಣಿಗೆ ಗೇಣುದ್ದದ ಹಾವಿನ ಮರಿ ಬೀಳುತ್ತದೆ. ಕಡ್ಡಿಯಿಂದ ಮೆಲ್ಲಗೆ ನೂಕಿ ಹಾರ್ಲಿಕ್ಸ್ ಬಾಟಲಿಗೆ ಇಳಿಸುತ್ತಾನೆ. ಮುಚ್ಚಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆಯುತ್ತಾನೆ. ಮೊದಲ ದಿನ ಹಾಲು, ಎರಡನೆಯ ದಿನ ಕೋಳಿಮೊಟ್ಟೆ, ಮೂರನೆಯ ದಿನ ಒಂದು ಜಿರಳೆ. ಮರಿ ಯಾವುದನ್ನೂ ಮೂಸುವುದಿಲ್ಲ. ಗಾಜಿಗೆ ಮೂತಿ ಉಜ್ಜುತ್ತಾ ಸುತ್ತುತ್ತದೆ, ಇಲ್ಲವೇ ಮುದುಡಿ ಮಲಗುತ್ತದೆ. ಊಟ ಬಿಟ್ಟ ಹಾವನ್ನು ಕಂಡು ಹುಡುಗನೂ ಸರಿಯಾಗಿ ಊಟ ಮಾಡುವುದಿಲ್ಲ.

"ಬುಟ್ಬುಡು ಮಗ, ಅವ್ರವ್ವ ಹುಡುಕ್ತಾ ಇರ್ತಾಳೆ" ಎನ್ನುತ್ತಾಳೆ ತಾಯಿ. ಜೀವಶಾಸ್ತ್ರದ ಲೆಕ್ಕದಲ್ಲಿ ಈ ಮಾತು ತಪ್ಪು. ನಮ್ಮ ಬಹುತೇಕ ಹಾವುಗಳು ಮರಿ ಹೊರಬಂದ ಮೇಲೆ ಅದರ ಕಡೆ ತಿರುಗಿ ನೋಡುವುದಿಲ್ಲ. ಆದರೆ ಸಲಹೆ ಮಾತ್ರ ನೂರಕ್ಕೆ ನೂರು ಸರಿ. ಏಕೆ ಸರಿ ಎಂಬುದು ಹುಡುಗನಿಗೂ ತಿಳಿಯಬೇಕು, ತಾಯಿಗೂ ತಿಳಿಯಬೇಕು.

ಮೊದಲಿಗೆ ಮರಿಯ ಹೊಟ್ಟೆಯ ವಿಚಾರ. ಮೊಟ್ಟೆಯೊಡೆದು ಬರುವ ಹಾವಿನ ಮರಿ ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ಮೊಟ್ಟೆಯ ಹಳದಿ ಭಾಗದಲ್ಲಿ ಉಳಿದದ್ದನ್ನು ಅದು ದೇಹದೊಳಗೆ ಎಳೆದುಕೊಂಡಿರುತ್ತದೆ. ಸಾಮಾನ್ಯವಾಗಿ ಮೊದಲ ಪೊರೆ ಕಳಚುವವರೆಗೆ ಅದಕ್ಕೆ ಬೇಟೆಯ ಗೊಡವೆಯೇ ಇರುವುದಿಲ್ಲ. ಮರಿ ಉಣ್ಣದಿರುವುದು ಉಪವಾಸವೇ ಆಗಿರಬೇಕೆಂದಿಲ್ಲ.

ಎರಡನೆಯದು ಹಾಲು. ಹಾವು ಸಸ್ತನಿಯಲ್ಲ, ಹಾಲು ಅದರ ಆಹಾರವೂ ಅಲ್ಲ. ಪಂಚಮಿಯ ದಿನ ಹಾವಾಡಿಗನ ಬುಟ್ಟಿಯ ನಾಗರ ಹಾಲು ಕುಡಿಯುತ್ತದಲ್ಲ ಎಂದು ಕೇಳುವವರುಂಟು. ದಿನಗಟ್ಟಲೆ ನೀರು ಕಾಣದೆ ಒಣಗಿದ ಹಾವು ಮುಂದಿಟ್ಟ ಯಾವ ದ್ರವವನ್ನಾದರೂ ಹೀರೀತು. ಅದನ್ನು ಭಕ್ತಿಯ ಲೆಕ್ಕಕ್ಕೆ ಸೇರಿಸುವುದು ನಮ್ಮ ತಪ್ಪು, ಹಾವಿನದಲ್ಲ. ಬಾಯಿ ಅಗಲಿಸಿ ಸುರಿದ ಹಾಲು ಶ್ವಾಸನಾಳಕ್ಕೆ ಇಳಿದರೆ ಹಾವು ಸಾಯುತ್ತದೆ. ಕೋಳಿಮೊಟ್ಟೆ, ಅನ್ನ, ಜಿರಳೆಗಳದೂ ಇದೇ ಕಥೆ. ಒಂದೊಂದು ಜಾತಿಯ ಹಾವಿಗೆ ಒಂದೊಂದು ಪಥ್ಯ. ನೀರೊಳ್ಳೆಗೆ ಮೀನು, ಕಪ್ಪೆ. ಕೇರೆಗೆ ಇಲಿ, ಕಪ್ಪೆ. ಕಟ್ಟುಹಾವಿಗೆ ಹೆಚ್ಚಾಗಿ ಬೇರೆ ಹಾವುಗಳೇ ಊಟ.

ಮೂರನೆಯ ಕಾರಣವೇ ದೊಡ್ಡದು: ಭಯ. ಹಾವಿನ ಪಾಲಿಗೆ ಗಾಜಿನ ಬಾಟಲಿ ಎಂದರೆ ನಾಲ್ಕು ದಿಕ್ಕಿನಿಂದಲೂ ಹದ್ದಿನ ಕಣ್ಣಿಗೆ ಬಿದ್ದಂತೆ. ಇಲಿಯನ್ನೋ ಕಪ್ಪೆಯನ್ನೋ ಇಡಿಯಾಗಿ ನುಂಗಲು ಹೊರಟ ಹಾವು ಆ ಹೊತ್ತಿನಲ್ಲಿ ಕಚ್ಚಲಾರದು, ಬೇಗ ಓಡಲಾರದು. ನುಂಗಿದ ಮೇಲೂ ಹೊಟ್ಟೆ ಭಾರ. ಆದ್ದರಿಂದ ಸುತ್ತ ಅಪಾಯವಿಲ್ಲ ಎಂದು ಖಾತ್ರಿಯಾಗದೆ ಅದು ಬಾಯಿ ತೆರೆಯುವುದಿಲ್ಲ. ತಿಂದದ್ದು ಇನ್ನೂ ಹೊಟ್ಟೆಯಲ್ಲಿರುವಾಗ ಗಾಬರಿಯಾದರೆ ಕಕ್ಕಿ ಹಗುರಾಗಿ ಓಡುವುದೂ ಉಂಟು.

ಹಾವು ಸಾಕುವುದನ್ನು ಬಲ್ಲವರ ವಿದ್ಯೆಯೆಲ್ಲ ಈ ಭಯವನ್ನು ಇಳಿಸುವುದರಲ್ಲೇ ಇದೆ. ವಿದೇಶಗಳಲ್ಲಿ ಹೆಚ್ಚಾಗಿ ಸಾಕುವ ಬಾಲ್ ಪೈಥಾನನ್ನೇ ತೆಗೆದುಕೊಳ್ಳಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಈ ಪುಟ್ಟ ಹೆಬ್ಬಾವು ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಊರು ಬಿಟ್ಟು ಊರಿಗೆ ಬಂದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಊಟ ಬಿಡುವುದರಲ್ಲಿ ಇದು ಹೆಸರುವಾಸಿ. ಅನುಭವಿಗಳು ಅದನ್ನು ತಂದ ದಿನ ಏನು ಮಾಡುತ್ತಾರೆ? ಬಹುಮಟ್ಟಿಗೆ ಏನೂ ಮಾಡುವುದಿಲ್ಲ! ಪೆಟ್ಟಿಗೆಯೊಳಗೆ ಬಿಟ್ಟು ಮುಚ್ಚಳ ಭದ್ರಪಡಿಸಿ, ಐದಾರು ದಿನ ಅದರ ತಂಟೆಗೇ ಹೋಗುವುದಿಲ್ಲ. ನೆಂಟರಿಗೆ ತೋರಿಸುವುದಿಲ್ಲ, ಎತ್ತಿಕೊಳ್ಳುವುದಿಲ್ಲ, ಊಟವನ್ನೂ ಇಡುವುದಿಲ್ಲ. ಕುಡಿಯುವ ನೀರನ್ನು ಮಾತ್ರ ಬದಲಿಸುತ್ತಾರೆ.

ಆ ಪೆಟ್ಟಿಗೆಯೂ ದೊಡ್ಡದಿರಬೇಕಾಗಿಲ್ಲ. ಬಯಲಿನಂಥ ಜಾಗಕ್ಕಿಂತ ಮೈಗೆ ಒತ್ತಿಕೊಂಡ ಸಂದಿಯೇ ಹಾವಿಗೆ ಹಿತ. ಕಾಡಿನಲ್ಲಿ ಬಾಲ್ ಪೈಥಾನ್ ಹಗಲು ಕಳೆಯುವುದು ಇಲಿಬಿಲದಲ್ಲಿ, ಗೆದ್ದಲು ಹುತ್ತದಲ್ಲಿ. ಅದಕ್ಕಾಗಿ ಪೆಟ್ಟಿಗೆಯಲ್ಲಿ ಎರಡು ಅಡಗುತಾಣ ಇಡುತ್ತಾರೆ, ಬೋರಲು ಹಾಕಿದ ಮಣ್ಣಿನ ಕುಂಡವಾದರೂ ಸಾಕು. ಒಂದು ಬೆಚ್ಚಗಿನ ಕೊನೆಯಲ್ಲಿ, ಇನ್ನೊಂದು ತಂಪಿನ ಕೊನೆಯಲ್ಲಿ. ಬೆಚ್ಚಗಿನ ಕಡೆ 31–32 ಡಿಗ್ರಿ ಸೆಲ್ಷಿಯಸ್, ತಂಪಿನ ಕಡೆ ಸುಮಾರು 26. ಒಂದೇ ಅಡಗುತಾಣ ಇಟ್ಟರೆ ಹಾವು ಬಿಸಿ ಬೇಕೋ, ಭದ್ರತೆ ಬೇಕೋ ಎಂದು ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಹೆದರಿದ ಹಾವು ಭದ್ರತೆಯನ್ನೇ ಆರಿಸಿ ಚಳಿಯಲ್ಲಿ ಕೂರುತ್ತದೆ. ಚಳಿಯಲ್ಲಿ ಕೂತ ಹಾವಿಗೆ ಅರಗುವುದಿಲ್ಲ, ಏಕೆಂದರೆ ಅದರ ಒಲೆ ಹೊರಗಿದೆ. ನಮ್ಮ ದೇಹ ತಾನೇ ಕಾವು ಹುಟ್ಟಿಸಿಕೊಳ್ಳುತ್ತದೆ, ಹಾವು ಬಿಸಿಲಿನಿಂದ, ಕಲ್ಲಿನಿಂದ, ನೆಲದಿಂದ ಎರವಲು ಪಡೆಯುತ್ತದೆ. ಮೈಸೂರಿನ ಪುಷ್ಯಮಾಸದ ರಾತ್ರಿಯಲ್ಲಿ ಕಾವಿನ ವ್ಯವಸ್ಥೆ ಇಲ್ಲದಿದ್ದರೆ ಹೊಟ್ಟೆಯಲ್ಲಿರುವ ಇಲಿ ಅರಗುವ ಬದಲು ಕೊಳೆಯಲು ಆರಂಭಿಸೀತು.

ಐದಾರು ದಿನ ಕಳೆದ ಮೇಲೆ ಮೊದಲ ಊಟ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪದ ಇಲಿ, ಅದಕ್ಕಿಂತ ದೊಡ್ಡದಲ್ಲ. ಜೀವಂತ ಇಲಿಯನ್ನು ಬಿಡುವುದಿಲ್ಲ. ಹಸಿವಿಲ್ಲದ ಹಾವಿನ ಜೊತೆ ಇಲಿಯನ್ನು ರಾತ್ರಿಯಿಡೀ ಕೂಡಿಹಾಕಿದರೆ ಬೆಳಿಗ್ಗೆ ಗಾಯಗೊಂಡಿರುವುದು ಹಾವೇ! ಶೀತಲ ಪೆಟ್ಟಿಗೆಯಲ್ಲಿಟ್ಟ ಸತ್ತ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಕತ್ತಲಾದ ಮೇಲೆ ಉದ್ದನೆಯ ಚಿಮಟದಲ್ಲಿ ಹಿಡಿದು ತೋರಿಸುತ್ತಾರೆ. ಬೆಚ್ಚಗೆ ಮಾಡುವುದಕ್ಕೆ ಕಾರಣವುಂಟು. ಈ ಹಾವಿನ ತುಟಿಯಂಚಿನಲ್ಲಿ ಶಾಖವನ್ನು ಗ್ರಹಿಸುವ ಸಣ್ಣ ಗುಳಿಗಳಿವೆ. ತಣ್ಣನೆಯ ಇಲಿ ಅದಕ್ಕೆ ಇಲಿಯಾಗಿ ಕಾಣುವುದೇ ಕಷ್ಟ. ಮುಟ್ಟದಿದ್ದರೆ ಅಡಗುತಾಣದ ಬಾಗಿಲಲ್ಲಿಟ್ಟು ದೀಪ ಆರಿಸಿ ಹೊರಟುಬಿಡುತ್ತಾರೆ. ಬೆಳಿಗ್ಗೆ ಉಳಿದಿದ್ದರೆ ತೆಗೆದುಹಾಕಿ, ಮತ್ತೆ ಒಂದು ವಾರ ಸುಮ್ಮನಿರುತ್ತಾರೆ. ಮಾರನೆಯ ದಿನವೇ ಪುನಃ ಪ್ರಯತ್ನಿಸಿದರೆ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಕಣ್ಣು ನೀಲಿಗಟ್ಟಿ ಮಂಜಾಗಿದ್ದರೆ ಪೊರೆ ಬಿಡುವ ಕಾಲ ಬಂತೆಂದು ತಿಳಿದು ಅಲ್ಲಿಯವರೆಗೆ ಊಟದ ಮಾತೇ ಎತ್ತುವುದಿಲ್ಲ. ತಿಂದ ಮೇಲೆ ಎರಡು ದಿನ ಮುಟ್ಟುವಂತಿಲ್ಲ. ಕಕ್ಕಿದರೆ ಹತ್ತು ಹದಿನೈದು ದಿನ ವಿಶ್ರಾಂತಿ.

ಇಷ್ಟು ದಿನ ಹಸಿದಿದ್ದರೆ ಸಾಯುವುದಿಲ್ಲವೆ ಎಂದು ತಾಯಂದಿರು ಕೇಳುವುದು ಸಹಜ. ಅಮೆರಿಕದ ಅರ್ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಮೆಕ್ಯೂ ಎಂಬ ವಿಜ್ಞಾನಿ ಮೂರು ಜಾತಿಯ ಹಾವುಗಳನ್ನು ಸುಮಾರು ಆರು ತಿಂಗಳು ಉಪವಾಸವಿಟ್ಟು ನೋಡಿದರು. ಅವುಗಳಲ್ಲಿ ಬಾಲ್ ಪೈಥಾನೂ ಒಂದು. 2007ರಲ್ಲಿ ಪ್ರಕಟವಾದ ಫಲಿತಾಂಶ ಸೋಜಿಗದ್ದು. ಹಾವುಗಳು ದೇಹದ ಖರ್ಚನ್ನು ಶೇಕಡಾ 72ರವರೆಗೂ ತಗ್ಗಿಸಿಕೊಂಡಿದ್ದವು. ಅಷ್ಟೇ ಅಲ್ಲ, ಉಪವಾಸದಲ್ಲೂ ಉದ್ದಕ್ಕೆ ಬೆಳೆದಿದ್ದವು! ಉಂಡಾಗ ಇದರ ವಿರುದ್ಧ. ಬರ್ಮಾ ಹೆಬ್ಬಾವು ದೊಡ್ಡ ಊಟ ಮಾಡಿದ ಎರಡು ಮೂರು ದಿನಗಳಲ್ಲಿ ಅದರ ಹೃದಯದ ಸ್ನಾಯು ಸುಮಾರು ಶೇಕಡಾ 40ರಷ್ಟು ಹಿಗ್ಗುತ್ತದೆ ಎಂದು 2005ರಲ್ಲಿ ತಿಳಿಯಿತು. ಹಾಗೆಂದು ಎಲ್ಲ ಉಪವಾಸವೂ ಕ್ಷೇಮವಲ್ಲ. ಬಲ್ಲವರು ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತಾರೆ. ತೂಕ ಇಳಿಯುತ್ತಲೇ ಹೋದರೆ ಪಶುವೈದ್ಯರ ಬಳಿ ಒಯ್ಯುತ್ತಾರೆ. ಮರಿಗಳಿಗಂತೂ ಈ ತಾಳ್ಮೆ ಕಡಿಮೆ.

ನಮ್ಮ ಕಾಳಿಂಗ ಸರ್ಪದ ಪಥ್ಯ ಇನ್ನೂ ಬಿಗಿ. ಅದರ ಮುಖ್ಯ ಊಟ ಬೇರೆ ಹಾವುಗಳು. ಅದಕ್ಕೆ ಇಲಿ ತಿನ್ನಿಸಬೇಕಾದಾಗ ಇಲಿಗೆ ಹಾವಿನ ಮೈಯನ್ನು ಉಜ್ಜಿ ವಾಸನೆ ಹಚ್ಚುವ ಉಪಾಯ ಮೃಗಾಲಯಗಳಲ್ಲಿ ಉಂಟು. ಸೀಳುನಾಲಗೆಯಿಂದ ಗಾಳಿಯನ್ನು ಸವಿದು ನೋಡುವ ಪ್ರಾಣಿಗೆ ಕಣ್ಣಿಗಿಂತ ಅದೇ ದೊಡ್ಡ ಸಾಕ್ಷಿ. ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಿಸಿದಾಗ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಅದಕ್ಕೆ ನಮ್ಮ ಕನ್ನಡದ 'ಕಾಳಿಂಗ' ಎಂಬ ಹೆಸರನ್ನೇ ಇಟ್ಟರು.

ಹಾವನ್ನು ಕೆಲಕಾಲ ಮಾತ್ರ ಇಟ್ಟುಕೊಂಡು ಹಿಂದಿರುಗಿಸುವವರ ಪೈಕಿ ತಮಿಳುನಾಡಿನ ಇರುಳರು ಪ್ರಸಿದ್ಧರು. 1978ರಲ್ಲಿ ಹುಟ್ಟಿದ ಅವರ ಸಹಕಾರ ಸಂಘ ಸರ್ಕಾರದ ಪರವಾನಗಿ ಪಡೆದು ಹಾವು ಹಿಡಿದು, ಬಟ್ಟೆಯಿಂದ ಬಾಯಿ ಕಟ್ಟಿದ ಮಣ್ಣಿನ ಮಡಕೆಗಳಲ್ಲಿಟ್ಟು, ಔಷಧಕ್ಕಾಗಿ ವಿಷ ತೆಗೆದು, ಕೆಲವು ವಾರಗಳಲ್ಲಿ ಕಾಡಿಗೆ ಬಿಡುತ್ತದೆ. ಕತ್ತಲೆಯ ತಂಪು ಮಡಕೆ! ಹಾವಿಗೆ ಏನು ಬೇಕೆಂಬುದು ಇರುಳರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಇದೆಲ್ಲ ಓದಿ ಹುಡುಗ ಬಾಟಲಿ ಬಿಟ್ಟು ಮಡಕೆ ಹುಡುಕಲು ಹೊರಟರೆ ತಂದೆ ತಡೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಹೊಲಗದ್ದೆಯ ಹಾವನ್ನು ಹಿಡಿದು ಸಾಕುವುದು ಅಪರಾಧ. ಬಾಲ್ ಪೈಥಾನಿನಂಥ ವಿದೇಶಿ ಹಾವುಗಳಿಗೂ 2024ರ ನಿಯಮಗಳಂತೆ ನೋಂದಣಿ ಕಡ್ಡಾಯ. ಆ ವ್ಯಾಪಾರದ ಹಿಂದಿನ ಮುಖ ಹೇಗಿರಬಹುದೆಂಬುದು 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಂಡಿತು. ಬ್ಯಾಂಕಾಕಿನಿಂದ ಬಂದ ವಾರಸುದಾರರಿಲ್ಲದ ಪೆಟ್ಟಿಗೆಗಳಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಜೊತೆಗೆ ಆರು ಕ್ಯಾಪುಚಿನ್ ಕೋತಿಗಳು. ಕೋತಿಗಳು ಸತ್ತಿದ್ದವು.

ಕಾನೂನಿಗಿಂತ ಹತ್ತಿರದ ಅಪಾಯ ಇನ್ನೊಂದಿದೆ. ಬಾಟಲಿಯಲ್ಲಿರುವುದು ನಿರುಪದ್ರವಿ ಮಣ್ಣುಮುಕ್ಕನ ಮರಿ ಎಂದುಕೊಂಡದ್ದು ಕೊಳಕುಮಂಡಲದ ಮರಿಯಾಗಿರಬಹುದು. ಎರಡರ ಮೈಮೇಲೂ ಕಂದು ಮಚ್ಚೆಗಳಿವೆ, ದೊಡ್ಡವರೇ ಮೋಸಹೋಗುತ್ತಾರೆ. ವಿಷದ ಹಾವಿನ ಮರಿಗೆ ಹುಟ್ಟಿದಂದಿನಿಂದಲೇ ವಿಷವಿರುತ್ತದೆ. ಕಚ್ಚಿದರೆ ಕೊಯ್ಯದೆ, ಬಿಗಿದು ಕಟ್ಟದೆ, ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗುವುದೊಂದೇ ದಾರಿ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಅಧಿಸೂಚಿತ ಕಾಯಿಲೆಯ ಪಟ್ಟಿಗೆ ಸೇರಿಸಿತು. ಆದ್ದರಿಂದ ಬಾಟಲಿಯ ಮುಚ್ಚಳವನ್ನು ಹುಡುಗ ತಾನೇ ತೆರೆಯಬಾರದು. ಅರಣ್ಯ ಇಲಾಖೆಗೆ ತಿಳಿಸಿ, ಪಳಗಿದ ಕೈಗಳಿಂದ ಸಿಕ್ಕಿದ ಜಾಗದ ಹತ್ತಿರವೇ ಬಿಡಿಸಬೇಕು. ದೂರದ ಕಾಡಿಗೆ ಒಯ್ದರೆ ಬಿಲ ಎಲ್ಲಿ, ನೀರೆಲ್ಲಿ, ಕಪ್ಪೆಯೆಲ್ಲಿ ಎಂದು ಅದು ಮೊದಲಿನಿಂದ ಹುಡುಕಬೇಕು. ಹೊಸ ಮನೆಯ ಭಯ ಅಲ್ಲೂ ತಪ್ಪಿದ್ದಲ್ಲ.

ಹಾವಿಗೊಂದು ಊಟ ಹಾಕಲೇಬೇಕೆಂಬ ಆಸೆ ಉಳಿದಿದ್ದರೆ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ದಾರಿಯಿದೆ. 1892ರಲ್ಲಿ ಆರಂಭವಾದ ಈ ಮೃಗಾಲಯ ಪ್ರಾಣಿಗಳನ್ನು ದತ್ತು ಕೊಡುತ್ತದೆ. ಪ್ರಾಣಿ ಅಲ್ಲೇ ಇರುತ್ತದೆ, ಅದರ ಊಟದ ಖರ್ಚಿಗೆ ದತ್ತು ಪಡೆದವರ ಹಣ ಸಲ್ಲುತ್ತದೆ. ಆನೆ, ಹುಲಿಗಳಿಗೆ ಹೋಲಿಸಿದರೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಉಣ್ಣುವ ಹಾವಿನ ಖರ್ಚು ಎಷ್ಟೋ ಕಡಿಮೆ. ಒಬ್ಬನಿಂದಾಗದಿದ್ದರೆ ತರಗತಿಯ ಮಕ್ಕಳೆಲ್ಲ ಸೇರಿ ವಂತಿಗೆ ಎತ್ತಬಹುದು. ಅಲ್ಲಿಗೆ ನೋಡಲು ಹೋದ ದಿನ ಹಾವು ಕಲ್ಲಿನ ಸಂದಿಯಲ್ಲಿ ಸುತ್ತಿಕೊಂಡು, ಬಾಲದ ತುದಿಯಷ್ಟೇ ಕಾಣಿಸಿತೆಂದು ಗಾಜು ತಟ್ಟಬಾರದು. ಹಿಂದಿನ ಸಂಜೆ ಅದರ ಊಟವಾಗಿರಬಹುದು.